ಸ್ಟಾಕ್‌ಫಿಶ್ ಮತ್ತು ಚೆಸ್‌ಬೇಸ್: ಹವ್ಯಾಸಿಗಳು ಬರೆದ ಕೋಡ್ ಕೋರ್ಟಿನವರೆಗೆ ಹೋದ ಪ್ರಕರಣ

2021ರ ಫೆಬ್ರವರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಚೆಸ್‌ಬೇಸ್ ಕಂಪನಿ ಒಂದು ಹೊಸ ಚೆಸ್ ಎಂಜಿನ್ನನ್ನು, ಅಂದರೆ ನಡೆಗಳನ್ನು ಲೆಕ್ಕ ಹಾಕಿ ಚೆಸ್ ಆಡುವ ಪ್ರೋಗ್ರಾಂ ಒಂದನ್ನು, ಮಾರಾಟಕ್ಕೆ ಇಟ್ಟಿತು. ಹೆಸರು ಫ್ಯಾಟ್ ಫ್ರಿಟ್ಜ್ 2. ಬೆಲೆ 99.90 ಯೂರೋ. ಆಗಿನ ಲೆಕ್ಕದಲ್ಲಿ ಒಂಬತ್ತು ಸಾವಿರ ರೂಪಾಯಿಯ ಹತ್ತಿರ. ಸ್ವಲ್ಪ ದಿನದಲ್ಲೇ, ಸ್ಟಾಕ್‌ಫಿಶ್ ಎಂಬ ಉಚಿತ ಎಂಜಿನ್ ಬರೆಯುವ ಹವ್ಯಾಸಿಗಳ ತಂಡದವರು ಬಹಿರಂಗವಾಗಿ ಮಾತಾಡಿದರು. ಇದು ಬಹುಪಾಲು ನಮ್ಮದೇ ಎಂಜಿನ್, ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದಾದದ್ದು ಅಂದರು. ಅದೇ ವರ್ಷ ಜುಲೈ 20ರಂದು, ಚೆಸ್‌ಬೇಸ್ ಮೇಲೆ ಕೇಸ್ ಹಾಕಿದ್ದೇವೆ ಎಂದು ಪ್ರಕಟಿಸಿದರು. ಮ್ಯೂನಿಕ್‌ನ ಕೋರ್ಟಿನಲ್ಲಿ ನಡೆದ ಆ ವ್ಯಾಜ್ಯ 2022ರ ನವೆಂಬರ್‌ನಲ್ಲಿ ರಾಜಿಯಾಗಿ ಮುಗಿಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಲೈಸನ್ಸ್ ಜಗಳ ಎಂದಷ್ಟೇ ಹೇಳಿ ಬಿಡುತ್ತಾರೆ. ಅಷ್ಟಕ್ಕೆ ನಿಲ್ಲಿಸಿದರೆ ಇದರ ತೂಕ ಗೊತ್ತಾಗುವುದಿಲ್ಲ. ಹವ್ಯಾಸಿಗಳ ಎಂಜಿನ್ ಒಂದು ದುಡ್ಡಿನ ಎಂಜಿನ್‌ಗಳನ್ನೆಲ್ಲ ಹೇಗೆ ದಾಟಿತು ಅನ್ನುವುದನ್ನು ಮೊದಲು ನೋಡಬೇಕು. ಅದು ಗೊತ್ತಾದರೆ, ತಂಡ ಯಾಕೆ ಅಷ್ಟು ಹಟ ಹಿಡಿಯಿತು ಅನ್ನುವುದೂ ಗೊತ್ತಾಗುತ್ತದೆ.

ಹಿಂದಿನ ಕಥೆ

ಚೆಸ್‌ಬೇಸ್ ಸಣ್ಣ ಹೆಸರಲ್ಲ. ಎಂಬತ್ತರ ದಶಕದಲ್ಲಿ ಆಟಗಳ ಡೇಟಾಬೇಸ್ ಮಾಡಿ ಶುರುವಾದ ಕಂಪನಿ. ಗ್ರ್ಯಾಂಡ್‌ಮಾಸ್ಟರ್‌ಗಳು ಎದುರಾಳಿಯ ಹಳೇ ಆಟಗಳನ್ನು ತೆಗೆದು ನೋಡುವ ರೀತಿಯನ್ನೇ ಅದು ಬದಲಾಯಿಸಿತು. ಅದರ ಫ್ರಿಟ್ಜ್ ಎಂಜಿನ್ 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಅಲ್ಲಿ ಐಬಿಎಂನ ಡೀಪ್ ಬ್ಲೂ ಯೋಜನೆಯ ಯಂತ್ರವನ್ನೂ ಸೋಲಿಸಿತು. 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್‌ನನ್ನು 4–2ರಿಂದ ಮಣಿಸಿತು. ಆ ಕಾಲದಲ್ಲಿ ಒಳ್ಳೆಯ ಎಂಜಿನ್ ಬೇಕು ಅಂದರೆ ಸಿಡಿ ಕೊಳ್ಳಲೇಬೇಕಿತ್ತು. ಹವ್ಯಾಸಿಗಳ ಎಂಜಿನ್‌ಗಳು ಇರಲಿಲ್ಲವೆಂದಲ್ಲ. ಅಮೆರಿಕದ ಪ್ರೊಫೆಸರ್ ರಾಬರ್ಟ್ ಹಯಾಟ್ ಅವರ ಕ್ರಾಫ್ಟಿಯ ಕೋಡನ್ನು ಯಾರು ಬೇಕಾದರೂ ಓದಬಹುದಿತ್ತು. ಎಷ್ಟೋ ಮಂದಿ ಎಂಜಿನ್ ಬರೆಯುವುದನ್ನು ಕಲಿತದ್ದು ಅದನ್ನು ಓದಿಯೇ. ಆದರೂ ಬಲದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇರುತ್ತಿದ್ದದ್ದು ಮಾರಾಟದ ಎಂಜಿನ್‌ಗಳು.

2005ರಲ್ಲಿ ಲೆಕ್ಕ ತಿರುವುಮುರುವಾಯಿತು. ಫ್ರಾನ್ಸಿನ ಫ್ಯಾಬಿಯನ್ ಲೆಟುಝೆ ಎಂಬ ಪ್ರೋಗ್ರಾಮರ್ ತಮ್ಮ ಫ್ರೂಟ್ 2.1 ಎಂಜಿನ್ನಿನ ಪೂರ್ತಿ ಕೋಡನ್ನು ಜಿಪಿಎಲ್ ಲೈಸನ್ಸ್ (ಯಾರು ಬೇಕಾದರೂ ಬಳಸಿ ತಿದ್ದಬಹುದು, ಆದರೆ ಹಂಚುವಾಗ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು ಎನ್ನುವ ಲೈಸನ್ಸ್) ಅಡಿಯಲ್ಲಿ ಬಿಟ್ಟರು. ಅದೇ ವರ್ಷ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫ್ರೂಟ್ ಎರಡನೇ ಸ್ಥಾನಕ್ಕೆ ಬಂತು. ಇಷ್ಟು ಬಲವಾದ ಎಂಜಿನ್ನಿನ ಒಳಗನ್ನು ಜಗತ್ತು ಅದುವರೆಗೆ ನೋಡಿರಲಿಲ್ಲ. ಕೋಡ್ ಸ್ವಚ್ಛವಾಗಿತ್ತು, ಓದಲು ಸುಲಭವಾಗಿತ್ತು. ಎಲ್ಲರೂ ಓದಿದರು.

ಓದಿದವರಲ್ಲಿ ಯಾರು ಕಲಿತರು, ಯಾರು ನಕಲು ಮಾಡಿದರು ಅನ್ನುವ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. 2005ರ ಡಿಸೆಂಬರ್‌ನಲ್ಲಿ ವಾಸಿಕ್ ರೈಲಿಚ್ ಅವರ ರಿಬ್ಕಾ ಬಂತು. ಬಂದ ಕೂಡಲೇ ಎಲ್ಲರನ್ನೂ ಹಿಂದೆ ಹಾಕಿತು. 2007ರಿಂದ 2010ರವರೆಗೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆಯಿತು. 2011ರಲ್ಲಿ ಆ ಪಂದ್ಯಾವಳಿ ನಡೆಸುವ ಸಂಸ್ಥೆ ಐಸಿಜಿಎ ತನಿಖೆ ಮಾಡಿತು. ರಿಬ್ಕಾದಲ್ಲಿ ಕ್ರಾಫ್ಟಿ ಮತ್ತು ಫ್ರೂಟ್‌ನ ಕೋಡ್ ಇದೆ ಎಂದು ತೀರ್ಮಾನಿಸಿತು. ನಾಲ್ಕೂ ಪ್ರಶಸ್ತಿಗಳನ್ನು ವಾಪಸ್ ಪಡೆದು, ರೈಲಿಚ್ ಮೇಲೆ ಜೀವನಪೂರ್ತಿ ನಿಷೇಧ ಹಾಕಿತು. ರೈಲಿಚ್ ಆರೋಪ ಒಪ್ಪಲಿಲ್ಲ. 2015ರಲ್ಲಿ ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನೀತಿ ಆಯೋಗ ಆ ಜೀವಾವಧಿ ನಿಷೇಧದ ವಿಷಯದಲ್ಲಿ ಐಸಿಜಿಎಗೇ ಎಚ್ಚರಿಕೆ ಕೊಟ್ಟಿತು.

ರಿಬ್ಕಾ ವಿವಾದ ಇಂದಿಗೂ ಕೆಲವರಲ್ಲಿ ಬಿಸಿಯಾಗಿಯೇ ಇದೆ. ಕಾರಣ, ಅಲ್ಲಿ ಸಾಲಿಗೆ ಸಾಲು ಹೋಲಿಸುವುದು ಕಷ್ಟವಿತ್ತು. ಐಡಿಯಾ ತೆಗೆದುಕೊಂಡದ್ದೋ, ಕೋಡ್ ತೆಗೆದುಕೊಂಡದ್ದೋ ಎಂದು ಬಲ್ಲವರೇ ಎರಡು ಪಾಲಾದರು. ಫ್ಯಾಟ್ ಫ್ರಿಟ್ಜ್ 2ರ ಪ್ರಕರಣದಲ್ಲಿ ಆ ಗೊಂದಲ ಇರಲಿಲ್ಲ. ಒಳಗಿರುವುದು ಸ್ಟಾಕ್‌ಫಿಶ್ ಅನ್ನುವುದರ ಬಗ್ಗೆ ಜಗಳವೇ ಇಲ್ಲ. ಜಗಳ ಇದ್ದದ್ದು ಅದನ್ನು ಯಾವ ಷರತ್ತಿನ ಮೇಲೆ ಮಾರಬಹುದು ಅನ್ನುವುದರಲ್ಲಿ.

ಸ್ಟಾಕ್‌ಫಿಶ್ ಬೆಳೆದ ಬಗೆ

ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಗ್ಲೌರಂಗ್ ಎಂಬ ಎಂಜಿನ್ ಬರೆದು, ಅದರ ಕೋಡನ್ನು ಜಿಪಿಎಲ್ ಅಡಿಯಲ್ಲಿ ಬಿಟ್ಟಿದ್ದರು. ಇಟಲಿಯ ಮಾರ್ಕೋ ಕೋಸ್ಟಾಲ್ಬಾ ಅದನ್ನು ತೆಗೆದುಕೊಂಡು ತಿದ್ದಿ, 2008ರ ನವೆಂಬರ್‌ನಲ್ಲಿ ಸ್ಟಾಕ್‌ಫಿಶ್ ಎಂಬ ಹೆಸರಲ್ಲಿ ಹೊರತಂದರು. ಸ್ಟಾಕ್‌ಫಿಶ್ ಅಂದರೆ ನಾರ್ವೆಯಲ್ಲಿ ಒಣಗಿಸಿ ಇಟಲಿಯಲ್ಲಿ ಬೇಯಿಸುವ ಮೀನು. ಫಿನ್ಲೆಂಡ್‌ನ ಯೋನಾ ಕೀಸ್ಕಿ ಜೊತೆಯಾದರು. ಮೂವರಿಗೂ ಇದು ಹವ್ಯಾಸದ ಕೆಲಸ. ಗಮನಿಸಿ, ಸ್ಟಾಕ್‌ಫಿಶ್ ಹುಟ್ಟಿದ್ದೇ ಬೇರೊಬ್ಬರ ಕೋಡ್ ತೆಗೆದುಕೊಂಡು. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಮೂಲ ಯಾರದು ಎಂದು ಹೇಳಿದ್ದರು, ತಿದ್ದಿದ ಕೋಡನ್ನೂ ಎಲ್ಲರಿಗೂ ಕೊಟ್ಟಿದ್ದರು. ಜಿಪಿಎಲ್ ಕೇಳುವುದು ಅಷ್ಟನ್ನೇ.

ಮೊದಲ ಕೆಲವು ವರ್ಷ ಇದು ಒಳ್ಳೆಯ ಎಂಜಿನ್, ಆದರೆ ಮೊದಲನೆಯದಲ್ಲ. ಆಗ ಮುಂದಿದ್ದದ್ದು ಬೆಲ್ಜಿಯಂನ ರಾಬರ್ಟ್ ಹೌಡಾರ್ಟ್ ಅವರ ಹೂಡಿನಿ. ಅದರ ಹಿಂದೆಯೇ ಡಾನ್ ಡೇಲಿ ಮತ್ತು ಗ್ರ್ಯಾಂಡ್‌ಮಾಸ್ಟರ್ ಲ್ಯಾರಿ ಕಾಫ್‌ಮನ್ ಅವರ ಕೊಮೊಡೊ. ಎರಡರ ಹೊಸ ಆವೃತ್ತಿಗಳಿಗೂ ದುಡ್ಡು ಕೊಡಬೇಕಿತ್ತು.

2013ರಲ್ಲಿ ಗ್ಯಾರಿ ಲಿನ್ಸ್ಕಾಟ್ ಎಂಬ ಡೆವಲಪರ್ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಕಟ್ಟಿದರು. ನನ್ನ ಲೆಕ್ಕದಲ್ಲಿ ಇಡೀ ಕಥೆಯ ತಿರುಳು ಇದೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚೆಸ್ ಎಂಜಿನ್‌ಗೆ ಒಂದು ಸಣ್ಣ ಬದಲಾವಣೆ ಮಾಡಿದಿರಿ ಎಂದುಕೊಳ್ಳಿ. ರಾಜನ ಮುಂದಿನ ಕಾಲಾಳು ಸರಿದಾಗ ಅಪಾಯ ಎಷ್ಟು ಹೆಚ್ಚು ಎಂದು ಹೇಳುವ ಒಂದು ಅಂಕಿಯನ್ನು ಬದಲಿಸಿದಿರಿ. ಎಂಜಿನ್ ಸುಧಾರಿಸಿತೇ? ಹತ್ತು ಆಟ ಆಡಿಸಿ ನೋಡಿದರೆ ಗೊತ್ತಾಗುವುದಿಲ್ಲ. ನೂರು ಆಡಿಸಿದರೂ ಇಲ್ಲ. ಮೇಲಿನ ಮಟ್ಟದಲ್ಲಿ ಒಂದೊಂದು ಬದಲಾವಣೆಯಿಂದ ಸಿಗುವ ಲಾಭ ಒಂದೆರಡು ಇಲೋ ಅಂಕವಷ್ಟೇ (ಇಲೋ ಅಂದರೆ ಆಟದ ಬಲವನ್ನು ಅಳೆಯುವ ಅಂಕ). ಅಷ್ಟು ಚಿಕ್ಕ ವ್ಯತ್ಯಾಸವನ್ನು ಅದೃಷ್ಟದಿಂದ ಬೇರೆ ಮಾಡಿ ನೋಡಲು ಹತ್ತಾರು ಸಾವಿರ ಆಟ ಬೇಕು. ಮನೆಯಲ್ಲಿ ಒಂದೆರಡು ಕಂಪ್ಯೂಟರ್ ಇಟ್ಟುಕೊಂಡ ಹವ್ಯಾಸಿಗೆ ಅದು ಆಗದ ಮಾತು. ಅದಕ್ಕೇ ಹಿಂದೆಲ್ಲ ಎಂಜಿನ್ ಬರೆಯುವವರು ಅರ್ಧ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದರು.

ಫಿಶ್‌ಟೆಸ್ಟ್ ಆ ಆಟಗಳನ್ನು ಹಂಚಿಬಿಟ್ಟಿತು. ಜಗತ್ತಿನ ಎಲ್ಲೆಲ್ಲೋ ಇರುವ ಸ್ವಯಂಸೇವಕರು ತಮ್ಮ ಕಂಪ್ಯೂಟರ್ ಖಾಲಿ ಇರುವಾಗ ಅದರ ಸಮಯವನ್ನು ದಾನ ಮಾಡುತ್ತಾರೆ. ಯಾರೋ ಒಬ್ಬರು ಪ್ಯಾಚ್, ಅಂದರೆ ಕೋಡಿಗೆ ಒಂದು ತಿದ್ದುಪಡಿ, ಕಳಿಸುತ್ತಾರೆ. ಹಳೇ ಸ್ಟಾಕ್‌ಫಿಶ್ಶಿಗೂ ಹೊಸ ಪ್ಯಾಚ್ ಹಾಕಿದ ಸ್ಟಾಕ್‌ಫಿಶ್ಶಿಗೂ ಆ ಎಲ್ಲ ಕಂಪ್ಯೂಟರ್‌ಗಳ ಮೇಲೆ ಆಟ ನಡೆಯುತ್ತದೆ. ಮೊದಲು ಚುಟುಕು ಆಟ: ಪ್ರತಿ ಪಕ್ಕಕ್ಕೆ 10 ಸೆಕೆಂಡ್, ನಡೆಗೆ 0.1 ಸೆಕೆಂಡ್ ಜಾಸ್ತಿ. ಅಲ್ಲಿ ಪಾಸಾದರೆ 60 ಸೆಕೆಂಡಿನ ಆಟ. ಎಷ್ಟು ಆಟ ಆಡಿಸಬೇಕು ಎಂದು ಮೊದಲೇ ನಿಗದಿ ಮಾಡುವುದಿಲ್ಲ. ಪ್ರತಿ ಫಲಿತಾಂಶ ಬಂದಂತೆ ಸಾಕ್ಷ್ಯವನ್ನು ಕೂಡುತ್ತಾ ಹೋಗುತ್ತಾರೆ. ಆ ಮೊತ್ತ ಮೇಲಿನ ಗೆರೆ ದಾಟಿದರೆ ಪ್ಯಾಚ್ ಪಾಸ್, ಕೆಳಗಿನ ಗೆರೆ ಮುಟ್ಟಿದರೆ ಫೇಲ್. ಕೆಟ್ಟ ಪ್ಯಾಚ್ ಬೇಗ ಸಾಯುತ್ತದೆ. ಅದರ ಮೇಲೆ ಕಂಪ್ಯೂಟರ್ ಸಮಯ ವ್ಯರ್ಥವಾಗುವುದಿಲ್ಲ.

ಹೆಚ್ಚಿನ ಪ್ಯಾಚ್‌ಗಳು ಫೇಲಾಗುತ್ತವೆ. ತುಂಬಾ ಬುದ್ಧಿವಂತಿಕೆಯ ಐಡಿಯಾಗಳೂ ಫೇಲಾಗುತ್ತವೆ. ಕಳಿಸಿದವರು ಹೆಸರಾಂತ ಪ್ರೋಗ್ರಾಮರ್ ಆದರೂ, ಈಗಷ್ಟೇ ಬಂದ ಕಾಲೇಜು ಹುಡುಗ ಆದರೂ ಪರೀಕ್ಷೆ ಒಂದೇ. ಯಾರ ಮಾತು ನಡೆಯಬೇಕು ಎಂಬ ವಾದಕ್ಕೆ ಅಲ್ಲಿ ಜಾಗವೇ ಕಡಿಮೆ. ಓಪನ್ ಸೋರ್ಸ್ ಯೋಜನೆಗಳು ಎಷ್ಟೋ ಸಲ ಒಳಜಗಳದಿಂದ ಒಡೆಯುತ್ತವೆ. ಸ್ಟಾಕ್‌ಫಿಶ್ ಒಡೆಯದೆ ಉಳಿದದ್ದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ಈಗ ಇನ್ನೊಂದು ಕಡೆ ನೋಡಿ. ಕೊಮೊಡೊ, ಹೂಡಿನಿಯಂಥ ಎಂಜಿನ್‌ಗಳನ್ನು ಒಬ್ಬರೋ ಇಬ್ಬರೋ ಬರೆಯುತ್ತಿದ್ದರು. ಅವರಿಗೆ ಅನುಭವ ಇತ್ತು, ಆದಾಯ ಇತ್ತು. ಆದರೆ ಸಾವಿರಾರು ಪ್ರೊಸೆಸರ್ ಕೋರ್‌ಗಳನ್ನು ಬಾಡಿಗೆಗೆ ತೆಗೆದುಕೊಳ್ಳುವಷ್ಟು ಆದಾಯ ಚೆಸ್ ಎಂಜಿನ್ ಮಾರಾಟದಿಂದ ಬರುವುದಿಲ್ಲ. ದುಡ್ಡು ಇರುವ ಕಡೆ ಕಂಪ್ಯೂಟರ್ ಜಾಸ್ತಿ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಅದು ತಲೆಕೆಳಗಾಗಿತ್ತು. ಹವ್ಯಾಸಿಗಳ ಕೈಯಲ್ಲೇ ದೊಡ್ಡ ಪ್ರಯೋಗಶಾಲೆ ಇತ್ತು.

ಪರಿಣಾಮ ಟಿಸಿಇಸಿ ಎಂಬ ಎಂಜಿನ್ ಪಂದ್ಯಾವಳಿಯಲ್ಲಿ ಕಾಣಿಸಿತು. 2013ರ ಸೂಪರ್ ಫೈನಲ್‌ನಲ್ಲಿ ಹೂಡಿನಿ 3 ಎದುರು ಸ್ಟಾಕ್‌ಫಿಶ್ 23–25ರಿಂದ ಸೋತಿತು. ವರ್ಷದ ಕೊನೆಗೆ ಕೊಮೊಡೊ ಎದುರು ಮತ್ತೆ ಸೋತಿತು. ಡಾನ್ ಡೇಲಿ ಆ ನವೆಂಬರ್‌ನಲ್ಲೇ ತೀರಿಕೊಂಡಿದ್ದರು. 2014ರ ಮೇ ತಿಂಗಳಲ್ಲಿ ಸ್ಟಾಕ್‌ಫಿಶ್ ಕೊಮೊಡೊವನ್ನು 35.5–28.5ರಿಂದ ಗೆದ್ದು ಮೊದಲ ಸಲ ಪಟ್ಟ ಪಡೆಯಿತು. ಮುಂದಿನ ಎರಡು ಸೀಸನ್ ಕೊಮೊಡೊ ಪಾಲಾದವು. 2016ರಲ್ಲಿ ಮತ್ತೆ ಸ್ಟಾಕ್‌ಫಿಶ್.

2017ರ ಹತ್ತನೇ ಸೀಸನ್ ಮಾತ್ರ ವಿಚಿತ್ರ. ಸ್ಟಾಕ್‌ಫಿಶ್ ಒಂದೂ ಆಟ ಸೋಲಲಿಲ್ಲ. ಆದರೂ ಡ್ರಾ ಜಾಸ್ತಿಯಾಗಿ ಮೂರನೇ ಸ್ಥಾನಕ್ಕೆ ಇಳಿದು ಫೈನಲ್ ತಪ್ಪಿಸಿಕೊಂಡಿತು. ಫೈನಲ್‌ನಲ್ಲಿ ಹೂಡಿನಿ 6 ಕೊಮೊಡೊವನ್ನು 53–47ರಿಂದ ಗೆದ್ದಿತು. ನಾಲ್ಕು ವರ್ಷದ ನಂತರ ಸ್ಟಾಕ್‌ಫಿಶ್ ತಂಡ, ಆ ಹೂಡಿನಿ 6 ಕೂಡ ಸ್ಟಾಕ್‌ಫಿಶ್‌ನಿಂದಲೇ ಹುಟ್ಟಿದ್ದು ಎಂದು ಹೇಳಿತು. ಅದನ್ನು ಮಾರುತ್ತಿದ್ದದ್ದೂ ಚೆಸ್‌ಬೇಸ್. ಇದನ್ನು ನೆನಪಿಡಿ, ಕೋರ್ಟಿನ ಭಾಗದಲ್ಲಿ ಇದು ಮುಖ್ಯವಾಗುತ್ತದೆ.

ನ್ಯೂರಲ್ ನೆಟ್ ಬಂದ ಮೇಲೆ

2017ರ ಡಿಸೆಂಬರ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತನ್ನ ಆಲ್ಫಾಝೀರೋ ಬಗ್ಗೆ ಪ್ರಬಂಧ ಬಿಟ್ಟಿತು. ಅದು ನ್ಯೂರಲ್ ನೆಟ್, ಅಂದರೆ ಆಟಗಳಿಂದ ತಾನೇ ಕಲಿಯುವ ಲೆಕ್ಕದ ಜಾಲ, ಬಳಸುವ ಎಂಜಿನ್. ಸ್ಟಾಕ್‌ಫಿಶ್ 8ರ ಎದುರು ನೂರು ಆಟ, 28 ಗೆಲುವು, 72 ಡ್ರಾ, ಸೋಲಿಲ್ಲ. ಚೆಸ್ ಲೋಕ ಬೆರಗಾಯಿತು. ಆದರೆ ಆಲ್ಫಾಝೀರೋದ ಕೋಡೂ ಸಿಗಲಿಲ್ಲ, ಎಂಜಿನ್ನೂ ಸಿಗಲಿಲ್ಲ. ಆ ಪ್ರಬಂಧವನ್ನಷ್ಟೇ ಹಿಡಿದುಕೊಂಡು ಹವ್ಯಾಸಿಗಳು ಲೀಲಾ ಚೆಸ್ ಝೀರೋ ಎಂಬ ಓಪನ್ ಸೋರ್ಸ್ ಎಂಜಿನ್ ಕಟ್ಟಿದರು. ಇಲ್ಲೂ ಮುಂದೆ ನಿಂತವರಲ್ಲಿ ಗ್ಯಾರಿ ಲಿನ್ಸ್ಕಾಟ್ ಒಬ್ಬರು. 2019ರ ಮೇ ತಿಂಗಳಲ್ಲಿ ಲೀಲಾ ಟಿಸಿಇಸಿ ಫೈನಲ್‌ನಲ್ಲಿ ಸ್ಟಾಕ್‌ಫಿಶ್ಶನ್ನು 53.5–46.5ರಿಂದ ಸೋಲಿಸಿತು. ಅಷ್ಟರಲ್ಲಿ ಮೊದಲ ಎರಡು ಜಾಗವೂ ಓಪನ್ ಸೋರ್ಸ್ ಎಂಜಿನ್‌ಗಳ ಪಾಲಾಗಿತ್ತು.

ಲೀಲಾಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಸಾಮಾನ್ಯ ಕಂಪ್ಯೂಟರ್‌ನಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಅದಕ್ಕೆ ದಾರಿ ಸಿಕ್ಕಿದ್ದು ಜಪಾನಿನ ಶೋಗಿ ಆಟದ ಲೋಕದಿಂದ. ಯು ನಾಸು ಎಂಬುವವರು 2018ರಲ್ಲಿ ಶೋಗಿಗಾಗಿ ಎನ್‌ಎನ್‌ಯುಇ ಎಂಬ ಚಿಕ್ಕ, ವೇಗದ ನ್ಯೂರಲ್ ನೆಟ್ ರೂಪಿಸಿದ್ದರು. ಹಿಸಾಯೋರಿ ನೋಡಾ ಅದನ್ನು ಸ್ಟಾಕ್‌ಫಿಶ್‌ಗೆ ಅಳವಡಿಸಿ ತೋರಿಸಿದರು. ಇದರ ಜಾಣತನ ಇರುವುದು ಮೊದಲ ಪದರದಲ್ಲಿ. ರಾಜ ಎಲ್ಲಿದ್ದಾನೆ, ಅದಕ್ಕೆ ಪ್ರತಿಯಾಗಿ ಯಾವ ಕಾಯಿ ಯಾವ ಮನೆಯಲ್ಲಿದೆ ಎಂದು ಹೇಳುವ 41,024 ಇನ್‌ಪುಟ್‌ಗಳು ಪ್ರತಿ ಪಕ್ಕಕ್ಕೂ ಇರುತ್ತವೆ. ಆದರೆ ರಾಜನೇ ಸರಿದ ಹೊರತು, ಒಂದು ನಡೆಯಲ್ಲಿ ಬದಲಾಗುವುದು ಎರಡು ಮೂರು ಮಾತ್ರ. ಕುದುರೆ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಿದರೆ, ಹಳೆಯದನ್ನು ಕಳೆದು ಹೊಸದನ್ನು ಕೂಡಿದರೆ ಸಾಕು. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಿಲ್ಲ. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮಾಮೂಲಿ ಪ್ರೊಸೆಸರ್‌ನಲ್ಲೇ ಓಡುತ್ತದೆ.

2020ರ ಆಗಸ್ಟ್‌ನಲ್ಲಿ ಇದು ಅಧಿಕೃತವಾಗಿ ಸ್ಟಾಕ್‌ಫಿಶ್ ಸೇರಿತು. ಸೆಪ್ಟೆಂಬರ್ 2ಕ್ಕೆ ಸ್ಟಾಕ್‌ಫಿಶ್ 12 ಬಂತು. ಒಂದೇ ಓಪನಿಂಗನ್ನು ಬಿಳಿಯಲ್ಲೂ ಕಪ್ಪಿನಲ್ಲೂ ಆಡಿಸುವ ಜೋಡಿ ಆಟಗಳಲ್ಲಿ, ಅದು ಸ್ಟಾಕ್‌ಫಿಶ್ 11ರ ಎದುರು ಸೋತದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ ಜೋಡಿಗಳನ್ನು ಗೆದ್ದಿತು. ಮಾರಾಟದ ಎಂಜಿನ್‌ಗಳು ಹಿಡಿಯಲಾಗದಷ್ಟು ದೂರ ಉಳಿದವು.

ಇದೇ ಹೊತ್ತಿಗೆ ಇನ್ನೊಂದು ವಿಷಯ ಆಯಿತು. ಎಂಜಿನ್ ಎರಡು ಭಾಗವಾಗಿ ಕಾಣತೊಡಗಿತು. ಒಂದು, ನಡೆಗಳನ್ನು ಹುಡುಕುವ ಕೋಡ್. ಇನ್ನೊಂದು, ಸ್ಥಿತಿಗೆ ಬೆಲೆ ಕಟ್ಟುವ ನೆಟ್. ನೆಟ್ ಅಂದರೆ ಅಂಕಿಗಳು ತುಂಬಿದ ಒಂದು ಫೈಲ್, ಸುಮಾರು 20 ಎಂಬಿ. ಆ ಫೈಲನ್ನು ಬದಲಿಸಿದರೆ ಎಂಜಿನ್ನಿನ ಆಟದ ರೀತಿ ಬದಲಾಗುತ್ತದೆ. ಹುಡುಕುವ ಕೋಡಿನ ಒಂದು ಸಾಲನ್ನೂ ಮುಟ್ಟಬೇಕಿಲ್ಲ.

ಫ್ಯಾಟ್ ಫ್ರಿಟ್ಜ್ 2

ಚೆಸ್‌ಬೇಸ್‌ಗೆ ಈ ಬೆಳವಣಿಗೆ ದೊಡ್ಡ ಪ್ರಶ್ನೆ ತಂದಿತ್ತು ಎಂದು ಊಹಿಸುವುದು ಕಷ್ಟವಲ್ಲ. ಎಲ್ಲಕ್ಕಿಂತ ಬಲವಾದದ್ದು ಉಚಿತವಾಗಿ ಸಿಗುವಾಗ ದುಡ್ಡಿಗೆ ಏನನ್ನು ಮಾರುವುದು? 2013ರಿಂದಲೇ ಫ್ರಿಟ್ಜ್ ಎಂಬ ಹೆಸರಿನ ಒಳಗೆ ಬೇರೆ ಬೇರೆ ಲೇಖಕರ ಎಂಜಿನ್‌ಗಳು ಬಂದು ಹೋಗಿದ್ದವು. 2019ರಲ್ಲಿ ಬಂದ ಮೊದಲ ಫ್ಯಾಟ್ ಫ್ರಿಟ್ಜ್ ಲೀಲಾ ಆಧಾರಿತ. 2021ರ ಫ್ಯಾಟ್ ಫ್ರಿಟ್ಜ್ 2 ಸ್ಟಾಕ್‌ಫಿಶ್ ಆಧಾರಿತ.

ಹೊಸದೇನೂ ಇರಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಆಲ್ಬರ್ಟ್ ಸಿಲ್ವರ್ ಎಂಬುವವರು ಅದಕ್ಕಾಗಿ ಬೇರೆ ನೆಟ್ ತರಬೇತಿ ಮಾಡಿದ್ದರು. ಅದು ಆಗಿನ ಸ್ಟಾಕ್‌ಫಿಶ್ ನೆಟ್‌ಗಿಂತ ದೊಡ್ಡದು. ಒಂದು ನೆಟ್ ತರಬೇತಿ ಮಾಡಲು ಸಮಯ, ಕಂಪ್ಯೂಟರ್, ಅನುಭವ ಎಲ್ಲವೂ ಬೇಕು. ಆ ಕೆಲಸಕ್ಕೆ ದುಡ್ಡು ಕೇಳುವುದರಲ್ಲೂ ತಪ್ಪಿಲ್ಲ. ಜಿಪಿಎಲ್ ಮಾರಾಟವನ್ನು ತಡೆಯುವುದೇ ಇಲ್ಲ. ಸ್ಟಾಕ್‌ಫಿಶ್ಶನ್ನು ಹಾಗೇ ಡಿವಿಡಿಗೆ ಹಾಕಿ ನೂರು ಯೂರೋಗೆ ಮಾರಿದರೂ ಲೈಸನ್ಸ್ ಆಕ್ಷೇಪಿಸುವುದಿಲ್ಲ.

ಹಾಗಾದರೆ ತಕರಾರು ಯಾವುದಕ್ಕೆ? ಕೊಂಡವರಿಗೆ ಏನು ಹೇಳಬೇಕು, ಏನು ಕೊಡಬೇಕು ಅನ್ನುವುದಕ್ಕೆ. ಇದು ಯಾರ ಕೆಲಸ ಎಂದು ಹೇಳಬೇಕು. ಲೈಸನ್ಸ್‌ನ ಪ್ರತಿ ಕೊಡಬೇಕು. ಆ ಪ್ರೋಗ್ರಾಂ ಹುಟ್ಟಿದ ಪೂರ್ತಿ ಸೋರ್ಸ್ ಕೋಡ್ ಪಡೆಯುವ ದಾರಿ ಕೊಡಬೇಕು. ಕೊಂಡವರು ಅದನ್ನು ನಕಲು ಮಾಡಿ ಇನ್ನೊಬ್ಬರಿಗೆ ಕೊಡಬಹುದು, ತಿದ್ದಬಹುದು, ಅದಕ್ಕೆ ಯಾರಿಗೂ ಶುಲ್ಕ ಕೊಡಬೇಕಿಲ್ಲ ಅನ್ನುವ ಹಕ್ಕನ್ನು ತಿಳಿಸಬೇಕು. ಚೆಸ್‌ಬೇಸ್ ಈ ಮುಖ್ಯ ಹೊಣೆಗಳನ್ನು ಮತ್ತೆ ಮತ್ತೆ ಮುರಿದಿದೆ, ಮೂಲ ಸ್ಟಾಕ್‌ಫಿಶ್ ಎಂಬುದನ್ನು ಗ್ರಾಹಕರಿಂದ ಮರೆಮಾಡಿದೆ ಎಂಬುದೇ ತಂಡದ ದೂರು. ಫ್ಯಾಟ್ ಫ್ರಿಟ್ಜ್ 2ಕ್ಕೋ ಹೂಡಿನಿ 6ಕ್ಕೋ ದುಡ್ಡು ಕೊಟ್ಟವರಲ್ಲಿ ಹೆಚ್ಚಿನವರಿಗೆ ತಾವು ಕೊಂಡದ್ದು ತಿದ್ದಿದ ಸ್ಟಾಕ್‌ಫಿಶ್ ಎಂದು ಗೊತ್ತೇ ಇರಲಿಲ್ಲ ಎಂದು ತಂಡ ಹೇಳಿತು. ಉಚಿತವಾಗಿ ಚೆಸ್ ಆಡುವ ತಾಣ ಲಿಚೆಸ್ ಮತ್ತು ಲೀಲಾ ತಂಡಗಳೂ ದನಿಗೂಡಿಸಿದವು.

ಲಿಚೆಸ್ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಮೈಸೂರಿನಲ್ಲೋ ದಾವಣಗೆರೆಯಲ್ಲೋ ಕೂತ ಹುಡುಗಿ ಆಟ ಮುಗಿಸಿ ಫೋನಿನಲ್ಲಿ ಅದನ್ನು ತೆರೆದು, ಎಲ್ಲಿ ಎಡವಿದೆ ಎಂದು ನೋಡುತ್ತಾಳಲ್ಲ, ಆಗ ಒಳಗೆ ಲೆಕ್ಕ ಹಾಕುವುದು ಸ್ಟಾಕ್‌ಫಿಶ್. ವಿಶ್ವ ಚಾಂಪಿಯನ್‌ಗೆ ಸಿಗುವ ಎಂಜಿನ್ನೇ ಅವಳಿಗೂ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ. ಒಂಬತ್ತು ಸಾವಿರ ರೂಪಾಯಿಯ ಡಿವಿಡಿ ಕೊಳ್ಳಲಾಗದ ಮನೆಯ ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ಈ ಪ್ರಕರಣವನ್ನು ಬೇರೆ ದೇಶದ ಕೋರ್ಟಿನ ಸುದ್ದಿ ಎಂದು ಬದಿಗಿಡದೆ ಇರುವುದಕ್ಕೆ ಕಾರಣ ಅದೇ.

ಕೋರ್ಟಿನಲ್ಲಿ ಇದ್ದ ಪ್ರಶ್ನೆ

ತಂಡ ನೇರವಾಗಿ ಕೋರ್ಟಿಗೆ ಓಡಲಿಲ್ಲ. ಮೊದಲು ಜರ್ಮನಿಯ ಕಾಪಿರೈಟ್ ವಕೀಲರೊಬ್ಬರ ಮೂಲಕ ಕೆಲವು ತಿಂಗಳು ಪತ್ರ ವ್ಯವಹಾರ ನಡೆಸಿತು. ಅದರಿಂದ ಒಂದಿಷ್ಟು ಕೆಲಸವೂ ಆಯಿತು. ಫ್ಯಾಟ್ ಫ್ರಿಟ್ಜ್ 2ರ ಡಿವಿಡಿ ವಾಪಸ್ ತರಿಸಿಕೊಳ್ಳಲಾಯಿತು. ಹೂಡಿನಿ 6ರ ಮಾರಾಟ ನಿಂತಿತು. ಆದರೆ ಒಂದು ಮುಖ್ಯ ವಿಷಯದಲ್ಲಿ ಒಪ್ಪಂದ ಆಗಲಿಲ್ಲ.

ಸ್ಟಾಕ್‌ಫಿಶ್ ಇರುವುದು ಜಿಪಿಎಲ್ ಮೂರನೇ ಆವೃತ್ತಿಯ ಅಡಿಯಲ್ಲಿ. ಅದರ ಎಂಟನೇ ಕಲಮು ಲೈಸನ್ಸ್ ರದ್ದಾಗುವ ಬಗ್ಗೆ ಹೇಳುತ್ತದೆ. ಷರತ್ತು ಮುರಿದರೆ ಆ ಪ್ರೋಗ್ರಾಂ ಹಂಚುವ ಹಕ್ಕು ಹೋಗುತ್ತದೆ. ಆದರೆ ಕಲಮು ಕಠೋರವಲ್ಲ. ಹಕ್ಕುದಾರರಿಂದ ಮೊದಲ ಸಲ ನೋಟಿಸ್ ಬಂದು, 30 ದಿನದ ಒಳಗೆ ತಪ್ಪು ಸರಿಪಡಿಸಿದರೆ ಹಕ್ಕು ಶಾಶ್ವತವಾಗಿ ವಾಪಸ್ ಬರುತ್ತದೆ. ತಿಳಿಯದೆ ಎಡವಿದವರಿಗೆ ಇಟ್ಟ ದಾರಿ ಇದು. ಮತ್ತೆ ಮತ್ತೆ ಮುರಿದವರಿಗೆ ಆ ಅನುಕೂಲ ಇಲ್ಲ. ಒಂದೇ ಪ್ರೋಗ್ರಾಂ ಆಗಿದ್ದರೆ ತಿಳಿಯದೆ ಆಯಿತು ಎನ್ನಬಹುದಿತ್ತು. ಇಲ್ಲಿ ಎರಡು ಇದ್ದವು. ಹೀಗಾಗಿ ಇದು ಪದೇಪದೇ ಆದ ಉಲ್ಲಂಘನೆ ಎಂದು ಹೇಳಿ, ಪ್ರಮುಖ ಡೆವಲಪರ್‌ಗಳು ಚೆಸ್‌ಬೇಸ್‌ಗೆ ಲೈಸನ್ಸ್ ಅನ್ನು ಶಾಶ್ವತವಾಗಿ ರದ್ದು ಮಾಡಿದ್ದೇವೆ ಎಂದರು. ಅಂದ್ರೆ ಸ್ಟಾಕ್‌ಫಿಶ್ಶನ್ನು ತಿದ್ದಿಯಾಗಲಿ ತಿದ್ದದೆಯಾಗಲಿ ಯಾವ ಉತ್ಪನ್ನದಲ್ಲೂ ಸೇರಿಸುವಂತಿಲ್ಲ. ಚೆಸ್‌ಬೇಸ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ತಂಡದ ಮಾತು. ಕೇಸ್ ಆಗಿದ್ದು ಇದಕ್ಕೇ.

ಸ್ಟಾಕ್‌ಫಿಶ್ ಕಂಪನಿಯಲ್ಲ. ನೂರಕ್ಕೂ ಹೆಚ್ಚು ಜನ ತುಂಡು ತುಂಡಾಗಿ ಬರೆದ ಕೋಡ್. ಹಕ್ಕನ್ನು ಯಾರೂ ಒಂದು ಸಂಸ್ಥೆಗೆ ಬರೆದುಕೊಟ್ಟಿಲ್ಲ. ಬರೆದ ಭಾಗ ಬರೆದವರದ್ದೇ. ಇಂಥ ಯೋಜನೆಗಳ ವಿಷಯದಲ್ಲಿ, ಯಾರು ತಾನೇ ಕೋರ್ಟಿಗೆ ಬರುತ್ತಾರೆ ಎಂದು ಕಂಪನಿಗಳು ಧೈರ್ಯವಾಗಿರುವುದು ಉಂಟು. ಆದರೆ ಜರ್ಮನಿಯಲ್ಲಿ ದಾರಿ ಮೊದಲೇ ಬಿದ್ದಿತ್ತು. 2004ರಲ್ಲಿ ಇದೇ ಮ್ಯೂನಿಕ್ ಕೋರ್ಟ್, ಲಿನಕ್ಸ್ ಡೆವಲಪರ್ ಹರಾಲ್ಡ್ ವೆಲ್ಟೆ ಸೈಟ್‌ಕಾಮ್ ಎಂಬ ಕಂಪನಿಯ ಮೇಲೆ ತಂದ ಕೇಸಿನಲ್ಲಿ ಜಿಪಿಎಲ್‌ನ ಷರತ್ತುಗಳು ಕಾನೂನಿನ ಮುಂದೆ ನಿಲ್ಲುತ್ತವೆ ಎಂದು ಹೇಳಿತ್ತು. ಒಬ್ಬ ಡೆವಲಪರ್ ತನ್ನ ಪಾಲಿನ ಕೋಡಿಗಾಗಿ ಕೋರ್ಟಿನ ಬಾಗಿಲು ತಟ್ಟಬಹುದು ಎಂದು ಅದರಿಂದ ಗೊತ್ತಾಗಿತ್ತು.

ರಾಜಿ

2022ರ ನವೆಂಬರ್ 7ರಂದು ಎರಡೂ ಕಡೆಯವರು ಒಪ್ಪಂದ ಪ್ರಕಟಿಸಿದರು. ಚೆಸ್‌ಬೇಸ್ ಫ್ಯಾಟ್ ಫ್ರಿಟ್ಜ್ 2, ಹೂಡಿನಿ 6 ಸೇರಿ ಸ್ಟಾಕ್‌ಫಿಶ್ ಕೋಡ್ ಇರುವ ಯಾವುದನ್ನೂ ಒಂದು ವರ್ಷ ಮಾರಬಾರದು. ವರ್ಷ ಕಳೆದ ಮೇಲೆ, ಷರತ್ತು ಪಾಲಿಸುವುದಾದರೆ, ಲೈಸನ್ಸ್ ಮತ್ತೆ ಸಿಗುತ್ತದೆ. ಕಂಪನಿಯ ಒಳಗೆ ಓಪನ್ ಸೋರ್ಸ್ ಲೈಸನ್ಸ್‌ಗಳ ಪಾಲನೆ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ತನ್ನ ಯಾವ ಉತ್ಪನ್ನದಲ್ಲಿ ಇಂಥ ಸಾಫ್ಟ್‌ವೇರ್ ಇದೆ ಎಂದು ಎಲ್ಲರಿಗೂ ಕಾಣುವಂತೆ ಪಟ್ಟಿ ಮಾಡಿ ಇಡಬೇಕು.

ಶಾಶ್ವತ ರದ್ದು ಎಂದು ಶುರುವಾದದ್ದು ಒಂದು ವರ್ಷಕ್ಕೆ ಇಳಿಯಿತಲ್ಲ, ತಂಡ ಸೋತಂತೆ ಅಲ್ಲವೇ ಎಂದು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಚೆಸ್‌ಬೇಸ್‌ನಿಂದ ಸ್ಟಾಕ್‌ಫಿಶ್ಶನ್ನು ಎಂದೆಂದಿಗೂ ದೂರ ಇಡುವುದರಿಂದ ಯಾರಿಗೂ ಲಾಭವಿಲ್ಲ. ಆ ಕಂಪನಿಯ ಸಾಫ್ಟ್‌ವೇರ್ ಬಳಸುವ ಆಟಗಾರರೂ ಸ್ಟಾಕ್‌ಫಿಶ್ ಬಳಸುವವರೇ. ಬೇಕಾಗಿದ್ದದ್ದು ಮುಂದೆ ಹೀಗಾಗದಂತೆ ಒಂದು ವ್ಯವಸ್ಥೆ. ಹೆಸರು ಹಿಡಿದು ಕೇಳಬಹುದಾದ ಅಧಿಕಾರಿ ಮತ್ತು ಎಲ್ಲರೂ ನೋಡಬಹುದಾದ ಪಟ್ಟಿ ಸಿಕ್ಕಿದ್ದು ದೊಡ್ಡ ಗೆಲುವು. ವರ್ಷಗಟ್ಟಲೆ ರಾತ್ರಿ ಕೂತು ಪ್ಯಾಚ್ ಬರೆದವರು, ತಮ್ಮ ಮನೆಯ ಕರೆಂಟ್ ಬಿಲ್ ಕಟ್ಟಿ ಫಿಶ್‌ಟೆಸ್ಟ್‌ಗೆ ಕಂಪ್ಯೂಟರ್ ಓಡಿಸಿದವರು ಸಂಬಳ ಕೇಳಿರಲಿಲ್ಲ. ಅವರ ಕೆಲಸದ ಫಲ ಮುಂದಿನವರಿಗೂ ಹಾಗೇ ತಲುಪಬೇಕು ಎಂದಷ್ಟೇ ಕೇಳಿದ್ದರು. ಆ ಮಾತು ಲೈಸನ್ಸ್‌ನಲ್ಲಿ ಬರೆದಿತ್ತು. ಅದನ್ನು ಜಾರಿ ಮಾಡಲು ಯಾರೂ ಮುಂದೆ ಬಾರದಿದ್ದರೆ ಅದು ಸುಮ್ನೆ ಕಾಗದ.

ಈ ನಡುವೆ ಎಂಜಿನ್ ನಿಂತಿರಲಿಲ್ಲ. ಕೇಸ್ ಪ್ರಕಟವಾದ ತಿಂಗಳಲ್ಲೇ ಸ್ಟಾಕ್‌ಫಿಶ್ 14 ಬಂದಿತ್ತು. ಅದರ ನೆಟ್ ಮೊದಲಿನದಕ್ಕಿಂತ ದೊಡ್ಡದು. ಅದನ್ನು ತರಬೇತಿ ಮಾಡಿದ್ದು ಲೀಲಾ ಯೋಜನೆ ಕೂಡಿಟ್ಟ ಡೇಟಾ ಬಳಸಿ. ಟಿಸಿಇಸಿ ಫೈನಲ್‌ಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೊರಟ ಎರಡು ತಂಡಗಳು ಇವು. ಅಂಥವರೇ ಡೇಟಾ ಹಂಚಿಕೊಂಡರು. ದುಡ್ಡಿನ ಎಂಜಿನ್‌ಗಳ ಕಾಲದಲ್ಲಿ ಎದುರಾಳಿಗಳು ಹೀಗೆ ಕೊಟ್ಟು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಸ್ಟಾಕ್‌ಫಿಶ್ 16.1ರಲ್ಲಿ, ಕೈಯಿಂದ ಬರೆದ ಹಳೇ ಬೆಲೆ ಕಟ್ಟುವ ಕೋಡನ್ನು ಪೂರ್ತಿ ತೆಗೆದೇ ಹಾಕಿದರು. ಈಗ ಬೆಲೆ ಕಟ್ಟುವುದೆಲ್ಲ ನೆಟ್.

ರಾಜಿಯಿಂದ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದು ನನಗೆ ಬೇಸರ. ಜಿಪಿಎಲ್ ಎಂಜಿನ್ನಿನ ಒಳಗೆ ಕೂತ ನೆಟ್ ಫೈಲ್ ಆ ಪ್ರೋಗ್ರಾಂನ ಭಾಗವೋ, ಬೇರೆಯೇ ವಸ್ತುವೋ? ಭಾಗ ಎಂದಾದರೆ ಅದಕ್ಕೂ ಜಿಪಿಎಲ್ ಅನ್ವಯಿಸುತ್ತದೆ. ಬೇರೆ ಎಂದಾದರೆ ಕೋಡನ್ನು ತೆರೆದಿಟ್ಟು ನೆಟ್ಟನ್ನು ಮುಚ್ಚಿಟ್ಟು ಮಾರಬಹುದು. ರಾಜಿಯಾದ್ದರಿಂದ ಈ ಕೇಸಿನಲ್ಲಿ ಅದಕ್ಕೆ ತೀರ್ಪು ಬರಲಿಲ್ಲ. ಎಂಜಿನ್ನಿನ ಶಕ್ತಿಯ ದೊಡ್ಡ ಪಾಲು ನೆಟ್‌ನಲ್ಲೇ ಇರುವ ಈ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ. ಚೆಸ್ ಆಚೆಗೂ, ನ್ಯೂರಲ್ ನೆಟ್ ಇರುವ ಎಲ್ಲ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೂ ಇದೇ ಪ್ರಶ್ನೆ ಬರುತ್ತದೆ. ಸ್ಟಾಕ್‌ಫಿಶ್ ತಂಡ ತನ್ನ ಮಟ್ಟಿಗೆ ಒಂದು ನಿಲುವು ತೆಗೆದುಕೊಂಡಿದೆ. ಫಿಶ್‌ಟೆಸ್ಟ್‌ಗೆ ನೆಟ್ ಕಳಿಸುವವರು ಅದರ ಮೇಲಿನ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟು, ಸಿಸಿ0 ಅಡಿಯಲ್ಲಿ ಕೊಡುತ್ತಾರೆ. ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಚೆಸ್‌ಬೇಸ್ ಕೂಡ.